ಗಡ್ಡಣ್ಣನ ಯಂತ್ರ ನಕ್ಕ ದಿನ

ಇಷ್ಟೆಲ್ಲ ರಾದ್ಧಾಂತ ಆದದ್ದು ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಮುಖದಿಂದ. ಗಡ್ಡಣ್ಣನ ಹಾಸಿಗೆಯ ಪಕ್ಕದಲ್ಲಿದ್ದ, ನಿದ್ದೆಯಲ್ಲಿ ಉಸಿರಿಗೆ ಗಾಳಿ ಊದುವ ಸಿಪ್ಯಾಪ್ ಯಂತ್ರದ ಪರದೆಯ ಮೇಲೆ ಅದು ಮೂಡುತ್ತಿತ್ತು. ಮೂಗು ಬಾಯಿಗೆ ಹಾಕಿಕೊಳ್ಳುವ ಮಾಸ್ಕು ಸರಿಯಾಗಿ ಕೂತರೆ ನಗುಮುಖ, ಎಲ್ಲಾದರೂ ಗಾಳಿ ಸೋರಿದರೆ ಅಳುಮುಖ. ಹದಿನೇಳು ದಿನದಿಂದ ಅದು ಕೊನೇ ಬಸ್ಸು ತಪ್ಪಿಸಿಕೊಂಡವನ ಹಾಗೆ ಬಾಯಿ ಇಳಿಬಿಟ್ಟುಕೊಂಡೇ ಇತ್ತು.

ಗಡ್ಡಣ್ಣ ರಾತ್ರಿ ಬಸ್ಸಿನ ಡ್ರೈವರು. ಊರು ಮಲಗಿದಾಗ ಬಸ್ ಓಡಿಸಿ, ಊರು ಎದ್ದಾಗ ಮಲಗುವುದು ಅವನ ಕಸುಬು. ಅವನ ಗೊರಕೆಯಾದರೂ ಸಾಮಾನ್ಯದ್ದಲ್ಲ. ಒಮ್ಮೆ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಅವನು ಮಲಗಿದ್ದಾಗ, ಯಾರೋ ಇಂಜಿನ್ ಆಫ್ ಮಾಡದೆ ಹೋಗಿದ್ದಾರೆಂದು ಮೂವರು ಮೆಕ್ಯಾನಿಕ್ಕುಗಳು ನಲವತ್ತು ಬಸ್ಸುಗಳನ್ನು ಹತ್ತಿ ಇಳಿದಿದ್ದರು. ಡಿಪೋದ ಡಾಕ್ಟರು ಪರೀಕ್ಷೆ ಮಾಡಿಸಿ, "ನಿದ್ದೆಯಲ್ಲಿ ನಿನ್ನ ಉಸಿರು ನಿಂತು ನಿಂತು ಹೋಗುತ್ತಿದೆಯಪ್ಪಾ, ಸ್ಟೇರಿಂಗ್ ಹಿಡಿದಾಗ ತೂಕಡಿಕೆ ಬರುವುದು ಅದಕ್ಕೇ" ಎಂದು ಈ ಯಂತ್ರ ಬರೆದುಕೊಟ್ಟರು. ಅದು ಕೊಳವೆಯಲ್ಲಿ ಗಾಳಿ ಕಳಿಸಿ ಗಂಟಲಿನ ದಾರಿ ತೆರೆದಿಡಬೇಕು. ಆದರೆ ಗಾಳಿ ಗಂಟಲಿಗೆ ಇಳಿಯುವ ಮೊದಲೇ ಗಡ್ಡದೊಳಗೆ ದಾರಿ ಮಾಡಿಕೊಂಡು ಹೊರಗೆ ಓಡುತ್ತಿತ್ತು.

ಆ ಗಡ್ಡವನ್ನು ನೋಡಿದವರಿಗೇ ಗೊತ್ತು. ಎರಡು ಬಾಚಣಿಗೆ ಅದರೊಳಗೆ ಹೋಗಿ ಮುರಿದಿದ್ದವು, ಮೂರನೆಯದು ಇನ್ನೂ ಸಿಕ್ಕಿಲ್ಲ. ರಾತ್ರಿ ಬಸ್ಸಿನಲ್ಲಿ ಎಂಥ ಗಲಾಟೆಯೆದ್ದರೂ ಗಡ್ಡಣ್ಣ ಕನ್ನಡಿಯಲ್ಲಿ ಒಮ್ಮೆ ಗಡ್ಡ ನೀವಿಕೊಂಡರೆ ಸಾಕು, ಕುಡಿದವನು ಕೂಡ ಎದ್ದು ವಯಸ್ಸಾದವರಿಗೆ ಸೀಟು ಬಿಡುತ್ತಿದ್ದ. ಬಸ್ಸು ಅವನ ಅನ್ನ, ಗಡ್ಡ ಅವನ ಮಾನ. ಎರಡರಲ್ಲಿ ಒಂದನ್ನು ಆರಿಸು ಅಂದರೆ?

ಅವತ್ತು ಬೆಳಗ್ಗೆ ಡ್ಯೂಟಿ ಮುಗಿಸಿ ಬಂದವನ ಕೈಯಲ್ಲಿದ್ದ ಚೀಟಿ ಹೆಚ್ಚುಕಡಿಮೆ ಅದನ್ನೇ ಕೇಳುತ್ತಿತ್ತು. ಇವತ್ತು ನಾಲ್ಕು ಗಂಟೆ ಕಾಲ ನಗುಮುಖದೊಂದಿಗೆ ಮಲಗಿ, ಸಂಜೆ ನಾಲ್ಕೂವರೆಯೊಳಗೆ ಯಂತ್ರವನ್ನು ಡಿಪೋಗೆ ತಂದು ತೋರಿಸಬೇಕು. ಇಲ್ಲದಿದ್ದರೆ ಇವತ್ತಿನಿಂದಲೇ ಬಸ್ಸು ಬೇರೆಯವರಿಗೆ, ಗಡ್ಡಣ್ಣ ಟೈರು ಗೋದಾಮಿಗೆ.

ಏಳು ಗಂಟೆಗೆ ಗಡ್ಡಣ್ಣ ಮಾಸ್ಕು ಹಾಕಿ ಮಲಗಿದ. ಗಡ್ಡದೊಳಗಿಂದ "ಪೀಂ" ಎಂದು ಸಣ್ಣಗೆ ಶಿಳ್ಳೆ ಹೊರಟಿತು. ಪಟ್ಟಿ ಬಿಗಿ ಮಾಡಿದ. ಶಿಳ್ಳೆ ಪೀಪಿಯಾಯಿತು. ಇನ್ನೂ ಬಿಗಿ ಮಾಡಿದ. ಪೀಪಿ ತುತ್ತೂರಿಯಾಗಿ, ಬೀದಿಯ ನಾಯಿಗಳೆಲ್ಲ ಅದಕ್ಕೆ ದನಿಗೂಡಿಸಿದವು. ಕೆಳಗಿನ ಅಂಗಡಿಯ ಕ್ಷೌರಿಕ ಮೆಟ್ಟಿಲು ಹತ್ತಿ ಬಂದ. ಕತ್ತಿ ಅವನ ಕೈಯಲ್ಲೇ ಇತ್ತು.

"ಹನ್ನೆರಡು ವರ್ಷದಿಂದ ಕಾಯ್ತಿದೀನಿ ಕಣಯ್ಯ. ಐದೇ ನಿಮಿಷ. ಎಲ್ಲ ಸರಿಹೋಗತ್ತೆ."

"ತಲೆ ಬೇಕಾದ್ರೆ ತಗೋ, ಗಡ್ಡದ ತಂಟೆಗೆ ಬರಬೇಡ!" ಮಾಸ್ಕಿನೊಳಗಿಂದ ಗಡ್ಡಣ್ಣ ಗುಡುಗಿದ.

ಅಷ್ಟರಲ್ಲಿ ಪೈಪು ರಿಪೇರಿ ಮಾಡುವ ಭಾಮೈದ ಚೀಲದ ಸಮೇತ ಪ್ರತ್ಯಕ್ಷನಾದ. "ಭಾವ, ಸೋರೋದು ಅಂದ್ರೆ ಅದು ನಮ್ಮ ಇಲಾಖೆ. ನೀವು ಸುಮ್ನೆ ಮಲಗಿ."

ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಮಾಸ್ಕಿನ ಅಂಚಿಗೆ ಏಳು ಸುತ್ತು ಸುತ್ತಿದ. ಅಳುಮುಖ. ರಬ್ಬರ್ ವಾಷರು ಇಟ್ಟ. ಅಳುಮುಖ. ಕೊನೆಗೆ ಡಬ್ಬಿಯಿಂದ ಗ್ರೀಸು ಬಾಚಿ ಗಡ್ಡಕ್ಕೆ ಮೆತ್ತಿದ. ಯಂತ್ರ ಶುರುಮಾಡಿದ್ದೇ ತಡ, ಮಾಸ್ಕು ಗಲ್ಲದಿಂದ ಜಾರಿ, ಮೂಗು ದಾಟಿ, ಹಣೆಯ ಮೇಲೇರಿ ಟೋಪಿಯ ಹಾಗೆ ಕೂತುಬಿಟ್ಟಿತು.

"ನೋಡಿದ್ರಾ ಭಾವ, ಈಗ ಶಬ್ದ ಇಲ್ಲ!"

"ಮುಖದ ಮೇಲೆ ಮಾಸ್ಕೂ ಇಲ್ವಲ್ಲೋ!" ಎಂದು ಗಡ್ಡಣ್ಣನ ಹೆಂಡತಿ ತಮ್ಮನ ಕೈಯಿಂದ ಡಬ್ಬಿ ಕಿತ್ತುಕೊಂಡಳು. "ರೀ, ಏಳಿ. ಈ ಗ್ರೀಸು ಹೋಗೋಕೆ ಪಾತ್ರೆ ಸೋಪೇ ಬೇಕು."

ಆ ಗಡ್ಡ ತೊಳೆದ ನೀರು ಮೋರಿಯಲ್ಲಿ ಹರಿದು ಮೂರು ಬೀದಿ ದಾಟಿತಂತೆ. ಗಡ್ಡ ಒಣಗುವಷ್ಟರಲ್ಲಿ ಹತ್ತೂವರೆ. ಬಾಗಿಲಲ್ಲಿ ಅರ್ಧ ಬೀದಿ ನೆರೆದಿತ್ತು. ಕ್ಷೌರಿಕ ಕುರ್ಚಿ ಎಳೆದುಕೊಂಡು ಕೂತು, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಕೇಳುವಂತೆ, "ಐದೇ ನಿಮಿಷ," ಎನ್ನುತ್ತಿದ್ದ.

ಆಗ ಪಕ್ಕದ ಮನೆಯ ಟೈಲರಕ್ಕ ಗುಂಪು ಸರಿಸಿಕೊಂಡು ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ.

"ಯಾರು ಪಟ್ಟೀನ ಇಷ್ಟು ಬಿಗಿದಿದ್ದು? ರವಿಕೆ ಬಿಗಿಯಾದ್ರೆ ಸುಕ್ಕು ಬೀಳಲ್ವಾ? ಇದೂ ಅಷ್ಟೇ. ಸುಕ್ಕಿನಲ್ಲೇ ಗಾಳಿ ಹೋಗೋದು." ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು. "ತಮ್ಮಾ, ಗದ್ದ ಎತ್ತು."

"ಗಡ್ಡ ತೆಗೀತೀರಾ ಅಕ್ಕಾ?"

"ನಾನು ಮೈಗೆ ತಕ್ಕ ಹಾಗೆ ಬಟ್ಟೆ ಹೊಲಿಯೋಳು. ಬಟ್ಟೆಗೆ ತಕ್ಕ ಹಾಗೆ ಮೈ ಕತ್ತರಿಸೋಳಲ್ಲ."

ಈ ಮಾತಿಗೆ ಗಡ್ಡಣ್ಣನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಪಾತ್ರೆ ಸೋಪಿನದೂ ಇತ್ತೆನ್ನಿ.

ಟೈಲರಕ್ಕ ಗಡ್ಡವನ್ನು ಮೇಲಿನಿಂದ ಕೆಳಕ್ಕೆ ಬಾಚಿ ಚಪ್ಪಟೆ ಮಾಡಿದಳು. ಗಡ್ಡದ ಮೇಲೇ ಟೇಪಿಟ್ಟು ಹದಿಮೂರು ಕಡೆ ಅಳತೆ ತೆಗೆದಳು. ಹಳೆಯ ಬನಿಯನ್ ಕತ್ತರಿಸಿ, ಮಾಸ್ಕಿನ ಅಂಚಿನ ಆಕಾರಕ್ಕೆ ಮೆತ್ತನೆಯ ಒಳಪಟ್ಟಿ ಹೊಲಿದಳು. ಗಡ್ಡ ದಟ್ಟವಿರುವಲ್ಲಿ ತೆಳ್ಳಗೆ, ತಗ್ಗಿರುವಲ್ಲಿ ದಪ್ಪ. ಆಮೇಲೆ ಅವನನ್ನು ಮಲಗಿಸಿ, ಗಾಳಿ ಬಿಟ್ಟು, ಪಟ್ಟಿಯನ್ನು ಎರಡು ಬೆರಳು ಹೋಗುವಷ್ಟು ಸಡಿಲ ಮಾಡಿದಳು.

ತುತ್ತೂರಿ ನಿಂತಿತು. ಎಲ್ಲರೂ ಪರದೆಯತ್ತ ಬಗ್ಗಿದರು. ಅಳುಮುಖ ಒಮ್ಮೆ ಮಿನುಗಿತು, ಯೋಚನೆ ಮಾಡಿತು, ಆಮೇಲೆ ಇಷ್ಟಗಲ ನಕ್ಕಿತು!

ಅವತ್ತು ಎದ್ದ ಜೈಕಾರಕ್ಕೆ ಎದುರುಮನೆಯ ಕಿಟಕಿ ಗಾಜು ಬಿರುಕುಬಿಟ್ಟಿತು. "ಶ್! ಮಲಗಿದಾರೆ!" ಎಂದು ಹೆಂಡತಿ ಗದರಿದಳು. ಅರ್ಧ ಬೀದಿ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಮೆಟ್ಟಿಲಿಳಿಯಿತು. ಭಾಮೈದ ಬಾಗಿಲಲ್ಲಿ ಕಾವಲು ನಿಂತ. ತರಕಾರಿ ಗಾಡಿಯವನು ಅವತ್ತು ಕೈಸನ್ನೆಯಲ್ಲೇ ವ್ಯಾಪಾರ ಮಾಡಿದ.

ಮೂರೂಕಾಲಿಗೆ ಗಡ್ಡಣ್ಣ ಎದ್ದ. ಎದ್ದನೆಂದರೆ ಹೇಗೆ? ಹನ್ನೆರಡು ವರ್ಷದ ನಿದ್ದೆಯನ್ನು ಒಂದೇ ಸಲ ಮಾಡಿ ಮುಗಿಸಿದವನ ಹಾಗೆ. ಗೋಡೆಯ ಬಣ್ಣ ನೀಲಿ ಎಂಬುದೇ ಅವನಿಗೆ ಅವತ್ತು ಗೊತ್ತಾಯಿತು. ನಾಲ್ಕು ಗಂಟೆ ಹನ್ನೊಂದು ನಿಮಿಷದ ನಿದ್ದೆ, ಒಂದು ತೊಟ್ಟು ಗಾಳಿ ಸೋರಿಲ್ಲ. ಗಡ್ಡಣ್ಣ ಗಡ್ಡ ಬಾಚಿಕೊಂಡು, ಯಂತ್ರವನ್ನು ಗೆದ್ದ ಕಪ್ಪಿನಂತೆ ಎದೆಗವಚಿಕೊಂಡು ಡಿಪೋಗೆ ಹೊರಟ. ಹಿಂದೆ ಹೆಂಡತಿ, ಭಾಮೈದ, ಟೈಲರಕ್ಕ. ಅವರ ಹಿಂದೆ, ಮುಖ ಊದಿಸಿಕೊಂಡ ಕ್ಷೌರಿಕ.

ಡಿಪೋ ಕಿಟಕಿಯಾಚೆಯ ಗುಮಾಸ್ತ ಪರದೆ ನೋಡಿದ, ತಲೆದೂಗಿದ, ಮೊಹರು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಫೈಲಿನಲ್ಲಿದ್ದ ಫೋಟೋವನ್ನು ತಿರುಗಿಸಿ ತೋರಿಸಿದ. ನುಣ್ಣನೆಯ ಮುಖದ ಹುಡುಗನೊಬ್ಬ ಬೆಪ್ಪಾಗಿ ನೋಡುತ್ತಿದ್ದ.

"ಇವರು ಯಾರು?"

"ನಾನೇ ಸಾರ್. ಕೆಲಸಕ್ಕೆ ಸೇರಿದಾಗ ತೆಗೆದದ್ದು."

"ಗಡ್ಡ ಇಲ್ವಲ್ಲ."

"ಹನ್ನೆರಡು ವರ್ಷದಿಂದ ದಿನಾ ನನ್ನ ಗಡ್ಡ ನೋಡ್ತಾ ಇದೀರಲ್ಲ ಸಾರ್!"

"ನಾನು ನೋಡಿದೀನಿ ಕಣ್ರಿ. ಫೈಲು ನೋಡಿಲ್ಲ. ಹೊಸ ಫೋಟೋ ಏರಿಸೋಕೆ ಮೂರು ತಿಂಗಳು. ಕಿಟಕಿ ಮುಚ್ಚೋಕೆ ಮೂವತ್ತು ನಿಮಿಷ."

ಎಲ್ಲರ ತಲೆಯೂ ನಿಧಾನವಾಗಿ ಕ್ಷೌರಿಕನತ್ತ ತಿರುಗಿತು. ಅವನ ಕೈ ಆಗಲೇ ಜೇಬಿನಲ್ಲಿತ್ತು.

ಗಡ್ಡಣ್ಣ ಶೆಡ್ಡಿನಲ್ಲಿ ನಿಂತಿದ್ದ ತನ್ನ ಬಸ್ಸನ್ನು ನೋಡಿದ. ಟೈರು ಗೋದಾಮಿನ ತುಕ್ಕು ಬಾಗಿಲನ್ನು ನೋಡಿದ. "ತೆಗಿ," ಎಂದು ಕಣ್ಣು ಮುಚ್ಚಿದ. ರಣರಂಗಕ್ಕೆ ಹೊರಟವರು ಕೂಡ ಅಷ್ಟು ಗಂಭೀರವಾಗಿ ಮಾತಾಡಿರಲಾರರು. ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿ, ಹಳೇ ಪೇಪರು ಹಾಸಿ, ಹೇಳಿದ ಹಾಗೆ ಐದೇ ನಿಮಿಷದಲ್ಲಿ ಕ್ಷೌರಿಕ ಕೆಲಸ ಮುಗಿಸಿದ. ಹೆಂಡತಿ ಗಂಡನ ಗದ್ದವನ್ನು ಮೊದಲ ಬಾರಿಗೆ ನೋಡಿ, "ಪರವಾಗಿಲ್ಲ ರೀ," ಎಂದಳು. ಅವಳ ಮುಖ ಬೇರೇನೋ ಹೇಳುತ್ತಿತ್ತು.

ಗುಮಾಸ್ತ ಫೋಟೋ ನೋಡಿದ, ಮುಖ ನೋಡಿದ. "ಹಾಂ, ಈಗ ಸರಿ. ಮಾಸ್ಕು ಹಾಕ್ಕೊಂಡು ತೋರಿಸಿ."

"ಮಲಗಿ ತೋರಿಸಿದೀನಲ್ಲ ಸಾರ್, ನಾಲ್ಕು ಗಂಟೆ!"

"ಅದು ಗಡ್ಡದವರು ಮಲಗಿದ್ದು. ನೀವು ತೋರಿಸಿ."

ಗಡ್ಡಣ್ಣ ಮಾಸ್ಕು ಹಾಕಿಕೊಂಡ. ಗಡ್ಡದ ಅಳತೆಗೆ ಹೊಲಿದ ಒಳಪಟ್ಟಿ ಬೋಳು ಕೆನ್ನೆಯ ಮೇಲೆ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಜೋತಾಡಿತು. ತುತ್ತೂರಿ ಇಡೀ ಡಿಪೋಗೆ ಕೇಳಿಸಿತು. ಪರದೆಯ ಮೇಲೆ ಅಳುಮುಖ. ಕಿಟಕಿ ಮುಚ್ಚಲು ಹದಿನಾಲ್ಕು ನಿಮಿಷ.

"ಗಡ್ಡ ಎಲ್ಲಿ?" ಟೈಲರಕ್ಕ ಕ್ಷೌರಿಕನ ಅಂಗಿ ಹಿಡಿದಳು. "ಬಿಸಾಕಿದ್ಯಾ?"

"ಅಂಥಾ ಗಡ್ಡ ಬಿಸಾಕ್ತೀನಾ ತಾಯಿ? ಪೇಪರಲ್ಲಿ ಕಟ್ಟಿಟ್ಟಿದೀನಿ. ಅಂಗಡೀಲಿ ಇಡೋಣ ಅಂತ."

ಟೈಲರಕ್ಕ ಆ ಪೊಟ್ಟಣ ಕಿತ್ತುಕೊಂಡಳು. ಬಸ್ಸಿನ ಸೀಟಿನಲ್ಲಿ ಕೂತು ಒಳಪಟ್ಟಿಯ ಹೊಲಿಗೆ ಬಿಚ್ಚಿ, ಗಡ್ಡವನ್ನು ದಿಂಬಿಗೆ ಹತ್ತಿ ತುಂಬುವ ಹಾಗೆ ತುರುಕಿ, ಮತ್ತೆ ಹೊಲಿದಳು. ಸೂಜಿ ಬಟ್ಟೆಯೊಳಗೆ ಹೋಗುವುದು ಕಾಣುತ್ತಿರಲಿಲ್ಲ, ಬಂದದ್ದು ಮಾತ್ರ ಕಾಣುತ್ತಿತ್ತು. ನಾಲ್ಕು ಇಪ್ಪತ್ತೊಂಬತ್ತಕ್ಕೆ ಮಾಸ್ಕು ಗಡ್ಡಣ್ಣನ ಮುಖದ ಮೇಲೆ ಕೂತಿತು. ಯಂತ್ರ ನಕ್ಕಿತು. ಮೊಹರು ಬಿತ್ತು. ಮೆಕ್ಯಾನಿಕ್ಕುಗಳು ನಲವತ್ತು ಬಸ್ಸುಗಳ ಹಾರನ್ ಒಟ್ಟಿಗೆ ಬಾರಿಸಿದರು. ಭಾಮೈದ ಭಾವನನ್ನು ಹೆಗಲ ಮೇಲೆತ್ತಿಕೊಂಡ.

"ಬಸ್ಸು ನಿಮ್ಮದೇ," ಎಂದ ಗುಮಾಸ್ತ, ಕಿಟಕಿ ಎಳೆಯುತ್ತ. "ಮೂರು ತಿಂಗಳಾದ ಮೇಲೆ ಹೊಸ ಫೋಟೋ ಬರತ್ತೆ. ಇವತ್ತೇ ತೆಗೆಸಿಬಿಡಿ. ಆಮೇಲೆ ಪ್ರತಿ ತಿಂಗಳೂ ಯಂತ್ರ ತೋರಿಸೋಕೆ ಅದೇ ಮುಖದಲ್ಲಿ ಬರಬೇಕು, ತಿಳೀತಾ?"

ಭಾಮೈದನ ಹೆಗಲ ಮೇಲಿಂದ ಗಡ್ಡಣ್ಣ ಗದ್ದ ನೀವಿಕೊಂಡ. ಕೈಗೆ ಏನೂ ಸಿಗಲಿಲ್ಲ. ಇನ್ನು ಮೇಲೆ ಕಣ್ಣು ಬಿಟ್ಟಿರುವಷ್ಟು ಹೊತ್ತೂ ಬೋಳು, ಕಣ್ಣು ಮುಚ್ಚಿದಾಗ ಮಾತ್ರ ಗಡ್ಡ!

"ಇಳೀರಿ, ಮನೆಗೆ ಹೋಗೋಣ," ಎಂದಳು ಹೆಂಡತಿ. "ಗಡ್ಡ ನಾನು ಬ್ಯಾಗಲ್ಲಿ ಹಾಕ್ಕೊಂಡಿದೀನಿ."