ಗುತ್ತಲದ ದೋಣಿ ಮತ್ತು ನನ್ನ ತೂತಿನ ವಹಿ

ಮೂರ್ಖತನಕ್ಕೆ ರಜೆ ಇಲ್ಲ; ರಾಣೆಬೆನ್ನೂರಿನ ನಮ್ಮ ಫೈಬರ್ ವರ್ಕ್‌ಶಾಪಿನಲ್ಲಂತೂ ಅದು ಭಾನುವಾರವೂ ಹಾಜರಿ ಹಾಕುತ್ತದೆ. ನೀರಿನ ಟಾಕಿ, ಬಾಗಿಲು, ಮೀನು ಹಿಡಿಯುವವರಿಗೆ ಸಣ್ಣ ದೋಣಿ, ಇಷ್ಟು ನಮ್ಮ ಕೆಲಸ. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಪ್ರತಿ ದೋಣಿಗೂ ಒಂದು ವಹಿ ಇಡುತ್ತೇನೆ: ಯಾವ ತೂತು ಎಲ್ಲಿ, ಯಾರು ಕೊರೆದರು, ಯಾರು ಮುಚ್ಚಿದರು. ಮನೆಯವರು ನಗುತ್ತಾರೆ. ನಗಲಿ. ಒಂದೇ ಒಂದು ದೋಣಿ ನನಗೆ ಎಷ್ಟು ಸಿಟ್ಟು ತರಿಸಿತೆಂದು ಆ ವಹಿಯನ್ನು ಕೇಳಿ.

೧. ತಟ್ಟಿ ನೋಡಿದ ಗಿರಾಕಿ

ಗುತ್ತಲದ ಕಡೆಯ ಮೀನುಗಾರನೊಬ್ಬ ಬಂದ. ಬೇರೆಲ್ಲೋ ಮಾಡಿಸಿದ್ದ ಅವನ ಹಳೆಯ ದೋಣಿ ಎರಡೇ ಮಳೆಗಾಲಕ್ಕೆ ಒಳಗೊಳಗೇ ಕೊಳೆತು, ನಡುಹೊಳೆಯಲ್ಲಿ ಅವನ ಕಾಲು ತಳದೊಳಗೆ ಇಳಿದಿತ್ತಂತೆ.

"ನಿಮ್ಮ ವಹಿ ನಂಬಿ ಬಂದೇನ್ರಿ ಅವ್ವಾರ. ನಿಮ್ಮ ದೋಣೀನೂ ಕೈ ಕೊಟ್ರ ನಾ ಹೊಳಿಗೆ ಇಳಿಯೂದ ಬಿಡಬೇಕ್ರಿ," ಎಂದ.

ಆಮೇಲೆ ಬೋಲ್ಟು ಬಿಗಿಯುವುದಷ್ಟೇ ಬಾಕಿಯಿದ್ದ ದೋಣಿಯೊಂದನ್ನು ಆರಿಸಿ, ಕಲ್ಲಂಗಡಿ ತಟ್ಟಿದಂತೆ ತಟ್ಟಿ, ಕಿವಿ ಇಟ್ಟು ಕೇಳಿದ. ನನ್ನ ಮೈದುನನಿಗೆ ಬಾಯಿ ಸುಮ್ಮನಿರುವುದಿಲ್ಲ. "ಏನಪಾ, ಹಣ್ಣಾಗೇತೇನು?"

"ಹಳೇದು ಭಾಳ ಹಣ್ಣಾಗಿತ್ರಿ," ಎಂದ ಮೀನುಗಾರ. "ಇದು ಕಾಯೀನ ಇರಲಿ."

೨. ಬಾಗಿಲಿನ ಮಿಸ್ತ್ರಿ

ದೋಣಿಯ ಹಲಗೆ ಹೋಳಿಗೆ ಇದ್ದಂತೆ. ಮೇಲೆ ಕೆಳಗೆ ಗಟ್ಟಿ ಫೈಬರ್, ನಡುವೆ ಹೂರಣದ ಜಾಗದಲ್ಲಿ ಹಗುರ ಮರ. ನೇರ ತೂತು ಕೊರೆದು ಬೋಲ್ಟು ಬಿಗಿದರೆ ಸಂದಿಯಿಂದ ಇಳಿದ ನೀರನ್ನು ಮರ ಕುಡಿದು ಕೊಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅದಕ್ಕೇ ಮೊದಲು ದೊಡ್ಡ ತೂತು ಕೊರೆದು, ಸುತ್ತಲಿನ ಮರ ಕೆದರಿ ತೆಗೆದು, ಎಪಾಕ್ಸಿ ಅಂಟು ತುಂಬಬೇಕು. ಅದು ಕಲ್ಲಾದ ಮೇಲೆ ಅದರ ನಡುವೆ ಬೋಲ್ಟಿನ ತೂತು ಕೊರೆಯಬೇಕು.

ಬ್ಯಾಡಗಿಯಿಂದ ಹೊಸದಾಗಿ ಬಂದ ಮಿಸ್ತ್ರಿಗೆ ಇದನ್ನು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದ. ಊಟ ಮುಗಿಸಿ ಬರುವಷ್ಟರಲ್ಲಿ ಕುಳಿತುಕೊಳ್ಳುವ ಹಲಗೆಯ ಹನ್ನೆರಡು ಬೋಲ್ಟುಗಳನ್ನೂ ನೇರ ಬಿಗಿದು ಬೀಡಿ ಸೇದುತ್ತ ಕುಳಿತಿದ್ದ!

"ಏನೋ ಇದು? ನಾ ಹೇಳಿದ್ದು ಗ್ವಾಡಿಗೇನು?"

"ಸಿಟ್ಟಾಗಬ್ಯಾಡ್ರಿ ಅವ್ವಾರ," ಎಂದ ಸಮಾಧಾನದಿಂದ. "ಇಪ್ಪತ್ತು ವರ್ಷ ಬಾಗಲಕ್ಕ ಹಿಂಗ ಕೊರದೇನ್ರಿ. ಒಂದರ ಮುಳುಗೇತೇನು ಕೇಳ್ರಿ."

೩. ಡಬರಿ

ಹನ್ನೆರಡೂ ಬೋಲ್ಟು ಬಿಚ್ಚಿಸಿದೆ. ಅಂಟನ್ನು ಸ್ವಲ್ಪ ಸ್ವಲ್ಪವೇ ಕಲಸಬೇಕು. ಒಂದೇ ಕಡೆ ಹೆಚ್ಚು ಕಲಸಿಟ್ಟರೆ ತನ್ನ ಬಿಸಿಗೆ ತಾನೇ ಕುದ್ದು ಗಟ್ಟಿಯಾಗುತ್ತದೆ. ಮೈದುನನಿಗೆ ಅಷ್ಟು ಪುರುಸೊತ್ತು ಎಲ್ಲಿ? ನನ್ನ ಅಡುಗೆಮನೆಯ ಸ್ಟೀಲ್ ಡಬರಿ ತಂದು, ಇದ್ದದ್ದೆಲ್ಲ ಸುರಿದು, ಸೌಟಿನಿಂದ ತಿರುವಿ, ಸೌಟು ಅದರಲ್ಲೇ ಬಿಟ್ಟು ಚಹಾಕ್ಕೆ ಹೋದ.

"ವೈನಿ, ಲಗೂನ ಬರ್ರಿ! ಹೊಗಿ ಏಳಾಕತ್ತೈತಿ!"

ಓಡಿದೆ. ಡಬರಿಯೊಳಗೆ ಕಲ್ಲು, ಕಲ್ಲಿನೊಳಗೆ ಸೌಟು, ಸೆಟೆದು ನಿಂತಿತ್ತು. ಬಾಯಿಗೆ ಬಂದಂತೆ ಬೈದೆ. ಅವನು ಸೌಟು ಹಿಡಿದು ಡಬರಿಯನ್ನು ಎತ್ತಿ ನೋಡಿ, "ಛಲೋ ಆತಲ್ರಿ ವೈನಿ," ಎಂದ, "ಹಿಡಕಿ ಸಹಿತ ಆತು."

ಇಂದಿಗೂ ವರ್ಕ್‌ಶಾಪಿನ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುವುದು ಆ ಡಬರಿಯೇ.

೪. ಕೊನೆಯ ತೂತು

ಅಂತೂ ದೋಣಿಗೆಲ್ಲ ಸೇರಿ ಮೂವತ್ತು ತೂತು, ಮೂವತ್ತೂ ಭದ್ರ. ವಹಿಯಲ್ಲಿ ಪ್ರತಿಯೊಂದರ ಮುಂದೆ ನನ್ನ ಸಹಿ. ಮೀನುಗಾರ ದೋಣಿ ಒಯ್ಯಲು ಬಂದ ದಿನ ಪೂಜೆ ಮಾಡಿ ಕಾಯಿ ಒಡೆದೆವು. ಮಿಸ್ತ್ರಿ ತಮ್ಮೂರಿನ ಕೆಂಪು ಮೆಣಸಿನಕಾಯಿ, ಲಿಂಬೆಹಣ್ಣು ಪೋಣಿಸಿ ದೋಣಿಯ ಮೂತಿಗೆ ಕಟ್ಟಿದ. ಜಾರಿ ಬಿತ್ತು. ಮತ್ತೆ ಕಟ್ಟಿದ. ಮತ್ತೆ ಬಿತ್ತು.

"ಗಟ್ಟಿ ಕಟ್ಟಾಕ ಬರೂದಿಲ್ಲೇನೋ?" ಎಂದು ಗದರಿದೆ.

"ಒಂದು ಕೊಂಡಿ ಹಾಕಲೇನ್ರಿ?"

"ಕೇಳ್ತಿ ಯಾಕ? ಹಾಕು ಲಗೂನ!"

ಮೂರು ವಾರಕ್ಕೆ ಮೀನುಗಾರನ ಫೋನು. "ಅವ್ವಾರ, ಮೂತಿ ಹಂತ್ಯಾಕ ತಟ್ಟಿದ್ರ ಹಣ್ಣಿನ ಸಪ್ಪಳ ಬರಾಕತ್ತೈತ್ರಿ."

ನನಗೆ ಕೆಂಡದಂಥ ಸಿಟ್ಟು. ವಹಿ ಕಂಕುಳಲ್ಲಿ, ಮೈದುನ ಮತ್ತು ಮಿಸ್ತ್ರಿ ಗಾಡಿಯಲ್ಲಿ. ಗುತ್ತಲದವರೆಗೆ ಇಬ್ಬರನ್ನೂ ಬೈದೆ. ಹೊಳೆದಂಡೆಯಲ್ಲಿ ಮೂವತ್ತೂ ಬೋಲ್ಟು ಬಿಚ್ಚಿಸಿದೆ. ಎಲ್ಲವೂ ಒಣ. "ನೋಡ್ರಿ!" ಎಂದೆ ವಹಿ ಬಡಿದು. "ಇದರಾಗ ನಾ ಬರದಿಟ್ಟ ಒಂದು ತೂತರ ಸೋರೇತೇನು?"

ಮೀನುಗಾರ ಒಣಗಿದ ಮೆಣಸಿನಕಾಯಿ ಸರವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ. ಕೊಂಡಿಯ ಬುಡದಲ್ಲಿ ಕಂದುನೀರು ಜಿನುಗುತ್ತಿತ್ತು.

"ಯಾವನು ಕೊರದಾವ ಇದನ್ನ?" ಎಂದು ಗುಡುಗಿದೆ.

ಮಿಸ್ತ್ರಿ ಲಿಂಬೆಹಣ್ಣು ನೋಡಿದ. ಮೈದುನ ಹೊಳೆ ನೋಡಿದ.

ಪುಣ್ಯಕ್ಕೆ ನೆನೆದದ್ದು ಅಂಗೈ ಅಗಲದಷ್ಟೇ. ಮರ ಕೆದರಿಸಿ, ಎರಡು ದಿನ ಬಿಸಿಲಿಗಿಟ್ಟು, ಅಂಟನ್ನು ನಾನೇ ಕಲಸಿ ತುಂಬಿದೆ. ಮೀನುಗಾರ ತಟ್ಟಿ, ಕಿವಿ ಇಟ್ಟು, "ಕಾಯಿ ಐತ್ರಿ," ಎಂದು ನಕ್ಕ ಮೇಲೆಯೇ ನನಗೆ ನಿರಾಳವಾದದ್ದು. ಆಗ ಮೈದುನ ಪೆನ್ನು ಮುಂದೆ ಹಿಡಿದ. "ವೈನಿ, ವಹಿ ತಗೀರಿ."

ತೆಗೆದೆ. ಸುಳ್ಳು ಬರೆದವಳಲ್ಲ ನಾನು.

"ತೂತು ೩೧. ಜಾಗ: ಮೂತಿ. ಕೊರೆಸಿದವರು: ನಾನು. ಕಾರಣ: ದೋಣಿಗೆ ಕೆಟ್ಟದ್ದೇನೂ ಆಗಬಾರದೆಂದು."