ಪಾಸ್‌ಪೋರ್ಟ್ ಕಪಾಟಿನಲ್ಲೇ ಇರಲಿ

ಭಾನುವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ, ಕೊಲ್ಲಿ ದೇಶದ ಸೊಹಾರ್‌ನಲ್ಲಿ ಕಂಪನಿಯ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ, ಜಪಾನಿನಿಂದ ಮಗಳ ಧ್ವನಿ ಸಂದೇಶ ಬಂತು. (ಇಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ. ಹಾಗಾಗಿ ನಮ್ಮ ಮನೆಯ ಜಗಳಗಳೂ ಒಂದೊಂದು ನಿಮಿಷದ ಕಂತುಗಳಲ್ಲಿ ನಡೆಯುತ್ತವೆ.)

"ಪಪ್ಪಾ, ಯೂನಿವರ್ಸಿಟಿ ಆಫೀಸಿಗೆ ಬೀಗ. ಅಲ್ಲಿಯ ಹಾಗೆ ಶುಕ್ರವಾರ ಅಲ್ಲ, ಇಲ್ಲಿ ಸಂಡೇ ರಜೆ ಅಂತ ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ನನ್ನ ಪಾಸ್‌ಪೋರ್ಟ್ ಒಳಗೆ ಉಂಟು. ನಾಳೆ ಲಾಸ್ಟ್ ಡೇಟ್. ಈಗ ಎಂತ ಮಾಡೋದು?"

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೇ, ಏಕೆಂದರೆ ಪಾಸ್‌ಪೋರ್ಟನ್ನು ಅಲ್ಲಿ ಇಡಿಸಿದವನೂ ನಾನೇ.

ನನ್ನ ಹೆಸರು ಲಿಗೋರಿ, ಊರು ಮಂಗಳೂರು. ಇಲ್ಲಿನ ಉಕ್ಕಿನ ಕಾರ್ಖಾನೆಯ ದಾಖಲೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದ ಸೇವೆ. ಎಣ್ಣೆಯ ಬೆಲೆ ಬಿದ್ದ ಎರಡನೇ ವರ್ಷವದು. ಕಂಪನಿ ಓವರ್‌ಟೈಮ್ ನಿಲ್ಲಿಸಿತ್ತು, ಚಹಾದ ಜೊತೆಗಿನ ಬಿಸ್ಕತ್ತು ನಿಲ್ಲಿಸಿತ್ತು, ಒಂದು ಬಿಟ್ಟು ಒಂದರಂತೆ ಟ್ಯೂಬ್‌ಲೈಟ್ ತೆಗೆಸಿತ್ತು. ಆ ಅರೆಗತ್ತಲಲ್ಲಿ ಕುಳಿತ ನಮ್ಮ ವಿಭಾಗದಲ್ಲಿ ಇಳಿಮುಖವಾಗದೆ ಉಳಿದ ಉತ್ಪಾದನೆ ಎಂದರೆ ಸಲಹೆ. ನನ್ನ ಪಾಲಿನ ಸಲಹೆಯೆಲ್ಲ ಒಕಾಯಾಮಾ ಎಂಬ ಊರಿಗೆ ರಫ್ತಾಗುತ್ತಿತ್ತು. ಸೊಹಾರ್‌ನಲ್ಲೇ ಬೆಳೆದ ಮಗಳು ರೆನಿಟಾ ಅಲ್ಲಿಗೆ ಸ್ಕಾಲರ್‌ಶಿಪ್ ಮೇಲೆ ಓದಲು ಹೋಗಿ ಎರಡು ವಾರವೂ ತುಂಬಿರಲಿಲ್ಲ.

ಅಲ್ಲಿ ಇಳಿದವರು ಹದಿನಾಲ್ಕು ದಿನದೊಳಗೆ ಪಾಸ್‌ಪೋರ್ಟ್ ಹಿಡಿದು ನಗರ ಕಚೇರಿಗೆ ಹೋಗಿ ತಮ್ಮ ವಿಳಾಸ ನೋಂದಾಯಿಸಬೇಕು. ಅದಾಗದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದೆ ಸ್ಕಾಲರ್‌ಶಿಪ್ ಇಲ್ಲ. ಹುಡುಗಿ ಎರಡನೇ ದಿನವೇ ಹೊರಟಿದ್ದಳು. ನಾನು ತಡೆದೆ.

"ಸರ್ಕಾರಿ ಆಫೀಸಿಗೆ ಹಾಗೆ ಒಬ್ಬಳೇ ಹೋಗ್ಲಿಕ್ಕಿಲ್ಲ. ಮೊದಲು ನೀಲಿ ಹಿನ್ನೆಲೆಯ ಫೋಟೋ ಇಪ್ಪತ್ನಾಲ್ಕು ತೆಗೆಸು. ಆಮೇಲೆ ನಮ್ಮವರು ಯಾರಾದ್ರೂ ಸಿಗ್ತಾರಾ ನೋಡುವ."

ನಮ್ಮವರನ್ನು ಹುಡುಕುವುದರಲ್ಲಿ ಎಂಟು ದಿನ ಕಳೆಯಿತು. ಕೊನೆಗೆ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಸ್ಟೋರ್‌ಕೀಪರ್ ವಿಕ್ಟರ್, ತನ್ನ ಭಾವನಿಗೆ ಪರಿಚಯದ, ನಮ್ಮ ಊರ ಕಡೆಯ ಬೆಳ್ಮಣ್ಣಿನವರೊಬ್ಬರು ಟೋಕಿಯೊದಲ್ಲಿ ಇದ್ದಾರೆಂದು ಪತ್ತೆಹಚ್ಚಿದ. ಅವರಿಗೂ ರೆನಿಟಾಳಿಗೂ ನಡುವೆ ಆರುನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಆದರೂ ನಮಗೆ ಧೈರ್ಯ ಬಂತು.

ಆಗಲೇ ಪಾಸ್‌ಪೋರ್ಟಿನ ವಿಚಾರ ಎದ್ದದ್ದು. ಅವಳು ಅದನ್ನು ಕೈಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದಾಳೆಂದು ಕೇಳಿ ನನಗೆ ಊಟ ಸೇರಲಿಲ್ಲ. ನನ್ನ ಪಾಸ್‌ಪೋರ್ಟು ಇಪ್ಪತ್ತೆರಡು ವರ್ಷದಿಂದ ಕಂಪನಿಯ ಎಚ್‌ಆರ್ ವಿಭಾಗದ ಕಬ್ಬಿಣದ ಕಪಾಟಿನಲ್ಲಿದೆ. ಊರಿಗೆ ಹೋಗುವಾಗ ಅರ್ಜಿ ಕೊಟ್ಟು ಪಡೆಯುತ್ತೇನೆ, ಬಂದ ಮರುದಿನ ಒಪ್ಪಿಸುತ್ತೇನೆ. ಧೂಳಿಲ್ಲ, ಬಿಸಿಲಿಲ್ಲ, ಅಲ್ಲಿ ಏಸಿ ಕೂಡ ಇದೆ. ನಾನು ಬದುಕಿದ್ದಕ್ಕಿಂತ ಸುಖವಾಗಿ ಅದು ಬದುಕಿದೆ.

"ಯೂನಿವರ್ಸಿಟಿ ಆಫೀಸಿಗೆ ಒಪ್ಪಿಸಿ ರಶೀದಿ ತಗೊ," ಎಂದು ಸಂದೇಶ ಕಳಿಸಿದೆ. "ಕೈಯಲ್ಲಿದ್ರೆ ಕಳೆದು ಹೋಗ್ತದೆ. ಕಪಾಟಿನಲ್ಲಿದ್ರೆ ಸೇಫ್."

ಶುಕ್ರವಾರ ನನಗೆ ರಜೆ. ಹೆಂಡತಿ ಡೊರೊತಿ ಇಗರ್ಜಿಗೆ ಹೋಗಿದ್ದಳು. ರೆನಿಟಾಳ ಉತ್ತರ ಬಂತು. "ಆಫೀಸಿನ ಮೇಡಂ ಬೇಡವೇ ಬೇಡ ಅಂತಾರೆ ಪಪ್ಪಾ. ಎರಡೂ ಕೈ ಆಡಿಸಿ, ಮೂರು ಸಲ ತಲೆ ಬಗ್ಗಿಸಿದ್ರು."

ನನಗೆ ಅರ್ಥವಾಯಿತು. ನಮ್ಮ ಕಡೆ ನೆಂಟರು ಎರಡನೇ ಸಲ ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿಯುವುದಿಲ್ಲವೇ? ಹಾಗೆಂದು ಬಡಿಸದೆ ಬಿಟ್ಟರೆ ಸಂಬಂಧ ಉಳಿದೀತೇ?

"ಅದು ಮರ್ಯಾದೆಗೆ ಹೇಳೋದು ಮಗಾ. ಅವರು ಊಟಕ್ಕೆ ಎದ್ದಾಗ ಲಕೋಟೆಯಲ್ಲಿ ಹಾಕಿ ಮೇಜಿನ ಮೇಲೆ ಇಟ್ಟು ಬಾ. ಭಾನುವಾರ ಹೋಗಿ ರಶೀದಿ ಕೇಳು, ನೋಂದಣಿಗೆ ಬೇಕಾದಾಗ ಅರ್ಜಿ ಕೊಟ್ಟು ತಗೊಂಡ್ರಾಯ್ತು."

ಅವಳು ಇಟ್ಟು ಬಂದಳು. ವಿಧೇಯ ಮಗಳನ್ನು ಬೆಳೆಸಿದ್ದಕ್ಕೆ ನನಗೆ ಆ ದಿನ ಹೆಮ್ಮೆಯೂ ಆಗಿತ್ತು.

ಇದನ್ನೆಲ್ಲ ಭಾನುವಾರ ಬಸ್ಸಿನಲ್ಲಿ ವಿಕ್ಟರ್‌ಗೆ ಹೇಳಿದೆ. ಅವನು ನನ್ನ ಕಡೆ ತಿರುಗಿದ.

"ಅಲ್ಲ ಮಾರಾಯ, ಅವರು ಬೇಡ ಅಂದದ್ದು ನಿಜವಾಗಿಯೂ ಬೇಡ ಅಂತ ಆಗಿದ್ರೆ?"

"ನಿನಗೆ ಇದು ಮೊದಲೇ ಹೊಳೀಲಿಲ್ವಾ?"

"ನೀನು ಕೇಳಿದ್ದು ನಮ್ಮವರು ಇದ್ದಾರಾ ಅಂತ ಮಾತ್ರ."

ಎಂಟೂವರೆಗೆ ಮುಂದಿನ ಸಂದೇಶ ಬಂತು. ನಡೆದದ್ದು ಇಷ್ಟು. ಮೇಜಿನ ಮೇಲೆ ಲಕೋಟೆ ಕಂಡ ಆ ಮೇಡಂ ಗಾಬರಿಯಾಗಿ ರೆನಿಟಾಳಿಗೆ ನಾಲ್ಕು ಇಮೇಲ್ ಬರೆದಿದ್ದರು. ಯೂನಿವರ್ಸಿಟಿಯ ಆ ಇಮೇಲ್ ಖಾತೆ ತೆರೆಯುವ ಪಾಸ್‌ವರ್ಡ್ ಅವಳಿಗೆ ಸಿಗುವುದು ವಿಳಾಸ ನೋಂದಣಿಯಾದ ಮೇಲೆ. ವಾರಾಂತ್ಯಕ್ಕೆ ಬಾಗಿಲು ಹಾಕುವ ಮೊದಲು, ಕಳೆದುಹೋದ ವಸ್ತುಗಳ ನಿಯಮದಂತೆ, ಅವರು ಅದನ್ನು ಹತ್ತಿರದ ಪೊಲೀಸ್ ಚೌಕಿಗೆ ತಲುಪಿಸಿದ್ದರು. ಯೂನಿವರ್ಸಿಟಿಯ ಕಾವಲುಗಾರ ಅವಳಿಗೆ ಚೌಕಿಯ ದಾರಿ ತೋರಿಸಿದ. ಪೊಲೀಸನು ಪಾಸ್‌ಪೋರ್ಟಿನ ಫೋಟೋ ನೋಡಿ, ಹುಡುಗಿಯನ್ನು ನೋಡಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟ.

ಅಲ್ಲಿಗೆ ಮುಗಿಯಬೇಕಿತ್ತು.

"ಎಲ್ಲಿ ಕಳೆದುಹೋಯ್ತು ಅಂತ ಕೇಳಿದ ಪಪ್ಪಾ. ಕಳೆದುಹೋಗ್ಲಿಲ್ಲ, ಪಪ್ಪ ಹೇಳಿ ಒಪ್ಪಿಸಿದ್ದು ಅಂದೆ. ನಿನ್ನ ಪಪ್ಪನ ಪಾಸ್‌ಪೋರ್ಟ್ ಎಲ್ಲುಂಟು ಅಂತ ಕೇಳಿದ. ಕಂಪನಿಯ ಕಪಾಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅಂತ ಹೇಳಿದೆ. ಅವನಿಗೆ ತುಂಬಾ ಬೇಜಾರಾಯ್ತು. ಅದಕ್ಕೂ ಒಂದು ಕಂಪ್ಲೇಂಟ್ ಬರ್ಕೊಳ್ಳಲಾ ಅಂತ ಕೇಳಿದ."

ಈ ಸಂದೇಶವನ್ನು ಅವಳು ಕಳಿಸಿದ್ದು ಮನೆಯವರ ಗ್ರೂಪಿಗೆ. ಸಂಜೆ ಬಾಗಿಲು ತೆರೆದ ಡೊರೊತಿ ಅದನ್ನು ಮೂರು ಬಾರಿ ಕೇಳಿ ಮುಗಿಸಿದ್ದಳು.

"ಯಾರು ಹೇಳಿದ್ದು ಅವಳಿಗೆ, ಮೇಜಿನ ಮೇಲೆ ಇಟ್ಟು ಬಾ ಅಂತ?"

"ನಾನು ಅನುಭವದಿಂದ ಹೇಳಿದ್ದು."

"ಯಾವ ಅನುಭವ? ನಿಮ್ಮ ಅಮ್ಮ ತೀರಿಹೋದಾಗ ಪಾಸ್‌ಪೋರ್ಟಿಗೋಸ್ಕರ ಎಚ್‌ಆರ್ ಬಾಗಿಲಲ್ಲಿ ಎರಡು ದಿನ ನಿಂತದ್ದಾ?"

"ಕಪಾಟಿನ ಕೀ ಇದ್ದವನು ಬುರೈಮಿಗೆ ಹೋಗಿದ್ದ."

"ನೀವು ಮಣ್ಣು ಹಾಕ್ಲಿಕ್ಕೆ ಊರು ಮುಟ್ಟಲಿಲ್ಲ."

ನಾನು ಬೂಟು ಬಿಚ್ಚುವುದರಲ್ಲಿ ಮಗ್ನನಾದೆ.

"ನಾಳೆ ಹೋಗಿ ನಿಮ್ಮದು ತಗೊಂಡು ಬನ್ನಿ," ಎಂದಳು. "ಜಪಾನಿನ ಪೊಲೀಸನಿಗೆ ಆದ ಬೇಜಾರು ನಿಮಗೂ ಸ್ವಲ್ಪ ಆಗ್ಲಿ."

ಸೋಮವಾರ ಸೊಹಾರ್‌ನಲ್ಲಿ ಬೆಳಗಾಗುವ ಮೊದಲೇ ರೆನಿಟಾಳ ನೋಂದಣಿ ಮುಗಿದಿತ್ತು. ಹನ್ನೆರಡು ನಿಮಿಷ ಹಿಡಿಯಿತಂತೆ. ಫೋಟೋ ಯಾರೂ ಕೇಳಲಿಲ್ಲ. "ಇನ್ನು ಬ್ಯಾಂಕಿನ ಕೆಲಸ ನಾನೇ ನೋಡ್ಕೊಳ್ತೇನೆ ಪಪ್ಪಾ, ನೀವು ರೆಸ್ಟ್ ಮಾಡಿ," ಎಂಬ ಸಾಲೂ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಕಂಪನಿ ಕೂಡ ನನ್ನೊಂದಿಗೆ ಇಷ್ಟು ನಯವಾಗಿ ಮಾತಾಡಿಲ್ಲ.

ಹತ್ತು ಗಂಟೆಗೆ ನಾನು ಎಚ್‌ಆರ್‌ಗೆ ಹೋದೆ. ಅಲ್ಲಿ ಕೂರುವ ಮಮ್ಮದ್ ನಮ್ಮ ಪುತ್ತೂರಿನವರು.

"ಏನು ಲಿಗೋರಿಯವರೆ, ಕೆಲಸ ಖಲಾಸಾ? ಊರಿಗಾ?"

"ಊರಿಗಲ್ಲ. ಪಾಸ್‌ಪೋರ್ಟ್ ಮನೆಯಲ್ಲಿ ಇಟ್ಕೊಳ್ಳುವ ಅಂತ."

"ಮನೆಯಲ್ಲಿ ಕಳೆದು ಹೋಗ್ತದೆ ಮಾರಾಯ್ರೆ. ಕಪಾಟಿನಲ್ಲಿದ್ರೆ ಸೇಫ್."

ಈ ವಾಕ್ಯದ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಆದರೂ ಡೊರೊತಿಯ ಮುಖ ನೆನೆದು ಪಟ್ಟು ಹಿಡಿದೆ. ಅವರೊಂದು ಹಾಳೆ ಮುಂದಿಟ್ಟರು, ನಾನು ಸಹಿ ಹಾಕಿದೆ. (ದಾಖಲೆ ವಿಭಾಗದವನು ಓದಿ ಸಹಿ ಹಾಕಬೇಕಿತ್ತು. ಆದರೆ ಎಚ್‌ಆರ್‌ನಲ್ಲಿಯೂ ಟ್ಯೂಬ್‌ಲೈಟ್ ತೆಗೆಸಿದ್ದರು.)

"ಒಳ್ಳೆಯದಾಯ್ತು," ಎಂದರು ಮಮ್ಮದ್. "ಈ ತಿಂಗಳು ತಾವಾಗಿ ಕೆಲಸ ಬಿಡುವವರು ಐದು ಜನ ಬೇಕು ಅಂತ ಮೇಲಿನಿಂದ ಹೇಳಿದ್ರು. ನಾಲ್ಕೇ ಆಗಿತ್ತು."

"ನಾನು ಬಿಡುವವನಲ್ಲ."

"ಹಾಗಾದ್ರೆ ಪಾಸ್‌ಪೋರ್ಟ್ ಎಂತಕ್ಕೆ?"

ನಾನು ಸಹಿ ಹಾಕಿದ ಆ ರಾಜೀನಾಮೆಯ ಹಾಳೆಯನ್ನು ವಾಪಸು ಕೇಳಿದೆ. ಅವರು ಆಗಲೇ ಅದನ್ನು ಕಪಾಟಿನಲ್ಲಿ ನನ್ನ ಪಾಸ್‌ಪೋರ್ಟಿನ ಪಕ್ಕದಲ್ಲೇ ಇಟ್ಟು ಬೀಗ ಹಾಕಿದ್ದರು. ಗುರುವಾರ ಹತ್ತು ಗಂಟೆಗೆ ಮ್ಯಾನೇಜರ್ ಐದು ಹೆಸರುಗಳನ್ನೂ ನೋಡುತ್ತಾರೆ.