ಇನ್‌ಫ್ಲೇಮಬಲ್ ಮಹಾಸಂಗ್ರಾಮ

ಎಲೈ ಸಕಲಶಬ್ದಜನನಿಯೇ, ಧಾತುಗಳ ಮೂಲನಿವಾಸಿನಿಯೇ, ಪದಗಳಿಗೆ ಮುಂದೆ ಕೊಂಬನ್ನೂ ಹಿಂದೆ ಬಾಲವನ್ನೂ ಅಂಟಿಸಿ ಬಡಪಾಯಿಗಳನ್ನು ಬೆದರಿಸುವ ವಾಗ್ದೇವಿಯೇ, ಅಗ್ನಿಶಾಮಕ ಠಾಣೆಯ ಹಿಂಬದಿಯ ತಗಡಿನ ಛಾವಣಿಯ ಕೆಳಗೆ ಮೂರು ಹಗಲು ನಡೆದ ಘೋರಸಂಗ್ರಾಮವನ್ನು ಬಣ್ಣಿಸಲು ನನ್ನ ನಾಲಗೆಗೆ ಬಲವನ್ನು ಕೊಡು. ಅದು ಬಡ್ತಿಪರೀಕ್ಷೆಗಳ ಯುಗ. ಉರಿಯುವ ಮನೆಯಿಂದ ಹತ್ತು ಜೀವ ಹೊತ್ತು ತಂದವನೂ ಇಂಗ್ಲಿಷ್ ಪತ್ರಿಕೆಯಲ್ಲಿ ಮೂವತ್ತೈದು ಅಂಕ ಹೊತ್ತು ತರದಿದ್ದರೆ ತೋಳಿನ ಮೇಲೆ ಇನ್ನೊಂದು ಪಟ್ಟಿಯನ್ನು ಕಾಣಲಾರದ ಕಾಲ.

ಆ ಯುಗದಲ್ಲಿ, ಬಯಲುಸೀಮೆಯ ಒಂದು ತಾಲೂಕು ಪಟ್ಟಣದಲ್ಲಿ, ಕೂಪಪತಿತಮಹಿಷೋದ್ಧಾರಕನೂ, ಧೂಮಪಟಲಭೇದನಪಂಡಿತನೂ, ಸೋಪಾನಾರೋಹಣಧುರಂಧರನೂ ಆದ ಕೊಟ್ರಪ್ಪನೆಂಬ ವೀರನಿದ್ದನು. ಬಾವಿಗೆ ಬಿದ್ದ ಎಮ್ಮೆಗಳಿಗೆ ಅವನೆಂದರೆ ದೇವರು. ಆದರೆ ಇಂಗ್ಲಿಷ್ ಅವನನ್ನು ಎರಡು ಸಲ ಕೆಡವಿತ್ತು. ನಿಯಮದ ಪ್ರಕಾರ ಇದು ಮೂರನೆಯ ಮತ್ತು ಕೊನೆಯ ಅವಕಾಶ. ಅದೇ ಪರೀಕ್ಷೆಗೆ ಕೂರಲಿದ್ದ ಅವನ ಆಪ್ತಮಿತ್ರ ರಕ್ತವರ್ಣಮಹಾರಥಸಾರಥಿ ಮಹಬೂಬಸಾಬ, ಅಂದರೆ ಠಾಣೆಯ ಕೆಂಪು ಬಂಡಿಯ ಡ್ರೈವರ್. ಕೊಟ್ರಪ್ಪನ ಮನೆಯ ಜೋಳದ ರೊಟ್ಟಿ, ಮಹಬೂಬಸಾಬನ ಮನೆಯ ಬದನೆಕಾಯಿ ಪಲ್ಯ ಹನ್ನೊಂದು ವರ್ಷಗಳಿಂದ ಒಂದೇ ತಟ್ಟೆಯಲ್ಲಿ ಕೂಡುತ್ತಿದ್ದವು.

ಇವರಿಗೆ ಗುರುವಾಗಿ ಬಂದವರು ರಸ್ತೆಯಾಚೆಯ ಎಸ್ತರಮ್ಮ ಟೀಚರ್. ನಿವೃತ್ತರು. ಅವರ ಬೆಕ್ಕು ನೀರಿನ ಟ್ಯಾಂಕಿನ ನೆತ್ತಿಯೇರಿ ಇಳಿಯಲಾರದೆ ಅಳುತ್ತಿದ್ದಾಗ ಕೊಟ್ರಪ್ಪ ಅದನ್ನು ಎದೆಗೊತ್ತಿಕೊಂಡು ಇಳಿಸಿದ್ದನು. ಆ ಋಣಕ್ಕೆ ಅವರು ದಿನವೂ ಮಧ್ಯಾಹ್ನ ಮೂರಕ್ಕೆ ಬಂದು ಪದಗಳ ಕೀಲುಗಳನ್ನು ಬಿಚ್ಚಿ ತೋರಿಸುತ್ತಿದ್ದರು.

"ಪೋರ್ಟ್ ಅಂದ್ರೆ ಹೊರೋದು ಕೊಟ್ರಪ್ಪ. ಎಕ್ಸ್ ಅಂದ್ರೆ ಹೊರಗೆ. ಹೊರಗೆ ಹೊತ್ಕೊಂಡು ಹೋದ್ರೆ ಎಕ್ಸ್‌ಪೋರ್ಟ್."

ಅಂದಿನವರೆಗೆ ಬಂಡೆಗಲ್ಲುಗಳಂತಿದ್ದ ಪದಗಳು ರೊಟ್ಟಿಯಂತೆ ಮುರಿಯತೊಡಗಿದ್ದನ್ನು ಕಂಡು ಕೊಟ್ರಪ್ಪನಿಗೆ ರೋಮಾಂಚನವಾಯಿತು. ಮುಂದಿನ ಪಾಠ 'ಇನ್' ಎಂಬ ಉಪಸರ್ಗ. ಕರೆಕ್ಟ್ ಎಂದರೆ ಸರಿ, ಇನ್‌ಕರೆಕ್ಟ್ ಎಂದರೆ ತಪ್ಪು. ವಿಸಿಬಲ್ ಎಂದರೆ ಕಾಣುವುದು, ಇನ್‌ವಿಸಿಬಲ್ ಎಂದರೆ ಕಾಣದ್ದು. ಇಷ್ಟು ಹೇಳಿ ಎಸ್ತರಮ್ಮ ತಂಗಿಯ ಮೊಮ್ಮಗಳ ಮದುವೆಗೆಂದು ಹುಬ್ಬಳ್ಳಿಗೆ ಹೊರಟರು. ಪರೀಕ್ಷೆ ಸೋಮವಾರ. ಆಗಿನ್ನೂ ಗುರುವಾರ.

ಗುರುವಿಲ್ಲದ ಆ ಮಧ್ಯಾಹ್ನ ಯುದ್ಧ ಹೊತ್ತಿಕೊಂಡಿತು.

"ಇನ್‌ಫ್ಲೇಮಬಲ್ ಅಂದ್ರ ಭಗ್ ಅಂತ ಹತ್ಕೊಳ್ಳೋದು," ಎಂದನು ಮಹಬೂಬಸಾಬ, ಪುಸ್ತಕ ತಿರುವುತ್ತ.

"ತಪ್ಪು ಮಾಬಣ್ಣ. ಫ್ಲೇಮಬಲ್ ಅಂದ್ರ ಹತ್ಕೊಳ್ಳೋದು. ಮುಂದ ಇನ್ ಬಂತು ಅಂದ್ರ ಹತ್ಕೊಳ್ಳಂಗಿಲ್ಲ. ವಿರುದ್ಧ ಪದ."

"ಹಂಗಾದ್ರ ಪೆಟ್ರೋಲ್ ಟ್ಯಾಂಕರ್ ಮ್ಯಾಲೆ ಯಾಕ ಬರ್ದಾರ ಅದನ್ನ?"

ಕೊಟ್ರಪ್ಪ ಪುಸ್ತಕವನ್ನು ತನ್ನತ್ತ ಎಳೆದುಕೊಂಡನು. ಬಾಗಿದರೆ ಹೊಸದಾಗಿ ಕೈಗೆ ಬಂದ ಅಸ್ತ್ರವೇ ಹುಸಿಯಾದೀತು. "ಜನಕ್ಕ ಧೈರ್ಯ ಇರ್ಲಿ ಅಂತ," ಎಂದನು.

ಮಹಬೂಬಸಾಬ ನಕ್ಕನು. ಆ ನಗೆ ವೀರನ ಎದೆಯಲ್ಲಿ ಶೂಲದಂತೆ ನಾಟಿತು. ಕೊಟ್ರಪ್ಪ ಎದ್ದು ನಿಂತು, ಭುಜಗಳನ್ನು ತಟ್ಟಿ, ನುಡಿದನು: "ಎಲವೋ ಸಾರಥಿ, ಜ್ವಾಲೆಗಳ ಜಿಹ್ವೆಯನ್ನು ಬರಿಗೈಯಲ್ಲಿ ಹಿಡಿದವನು ನಾನು, ಉಪಸರ್ಗಮರ್ಮವನ್ನು ಸಾಕ್ಷಾತ್ ಗುರುಮುಖದಿಂದ ಅರಿತವನು ನಾನು, ಸ್ಟೇರಿಂಗನ್ನಷ್ಟೇ ತಿರುಗಿಸಬಲ್ಲ ನೀನು ಶಬ್ದಶಾಸ್ತ್ರದ ದಿಕ್ಕನ್ನು ತಿರುಗಿಸಬಲ್ಲೆಯಾ?" ಇದು ನಮ್ಮ ಭಾಷೆ. ಠಾಣೆಯ ಭಾಷೆಯಲ್ಲಿ ಅವನಾಡಿದ್ದು, "ಗಾಡಿ ಹೊಡ್ಯಾವ ನೀನು, ನಿನಗೇನ್ ತಿಳೀತತಿ," ಎಂದಷ್ಟೇ.

ಅಷ್ಟೇ ಸಾಕಾಯಿತು. ಮಹಬೂಬಸಾಬ ತನ್ನ ಡಬ್ಬಿಯನ್ನು ಎತ್ತಿಕೊಂಡು ಬೇವಿನ ಮರದಡಿಗೆ ಹೋದನು.

ಶುಕ್ರವಾರ ಕೊಟ್ರಪ್ಪ ರೊಟ್ಟಿಯನ್ನು ಬರಿ ಶೇಂಗಾ ಚಟ್ನಿಯಲ್ಲಿ ತಿಂದನು. 'ಹೊಡ್ಯಾವ' ಅಂದದ್ದು ಹೆಚ್ಚಾಯಿತೆಂದು ಅವನಿಗೂ ಗೊತ್ತಿತ್ತು. ಆದರೆ ಉಪಸರ್ಗದ ವಿಷಯದಲ್ಲಿ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅತ್ತ ಮರದಡಿ ಮಹಬೂಬಸಾಬ ಬ್ರೆಡ್ಡಿನಲ್ಲಿ ಪಲ್ಯ ಒತ್ತಿಕೊಂಡು, ಈ ಕಡೆ ನೋಡದೆ ತಿನ್ನುತ್ತಿದ್ದನು.

ಶನಿವಾರ ಹನ್ನೊಂದು ಗಂಟೆಗೆ ಠಾಣೆಯ ಫೋನು ಮೊಳಗಿತು. ಬೈಪಾಸಿನಲ್ಲಿ ಟ್ಯಾಂಕರೊಂದು ಚರಂಡಿಗೆ ವಾಲಿ ಸೋರುತ್ತಿದೆ. ಘಂಟಾಘೋಷದೊಡನೆ ಮಹಾರಥವು ಹೊರಟಿತು. ಅಕ್ಕಪಕ್ಕ ಕುಳಿತ ಇಬ್ಬರು ವೀರರೂ ರಸ್ತೆಯನ್ನಷ್ಟೇ ನೋಡುತ್ತಿದ್ದರು.

ಗಾಳಿ ಬೆನ್ನಿಗಿರುವಂತೆ ಬಂಡಿ ನಿಲ್ಲಿಸಬೇಕೆಂಬುದು ನಿಯಮ. ಹಾಗೆ ನಿಲ್ಲಿಸಿದ್ದರಿಂದ ಯಾವ ವಾಸನೆಯೂ ಇತ್ತ ಬರಲಿಲ್ಲ. ಎದುರಿಗೆ ಟ್ಯಾಂಕರಿನ ಬೆನ್ನ ಮೇಲೆ ಕೆಂಪಕ್ಷರದಲ್ಲಿ ಆ ಮಹಾಶಬ್ದವೇ ರಾರಾಜಿಸುತ್ತಿತ್ತು: ಇನ್‌ಫ್ಲೇಮಬಲ್. ಅದರ ಕೆಳಗೆ, ಸೋರಿದ್ದು ಹರಿಯುತ್ತಿದ್ದ ಕಡೆಗೇ ಕಾಲು ಇಳಿಬಿಟ್ಟು, ಒಬ್ಬ ಮುದುಕ ಬೀಡಿ ಸೇದುತ್ತ ಕುಳಿತಿದ್ದನು.

ಕೊಟ್ರಪ್ಪ ಬಂಡಿ ಪೂರ್ತಿ ನಿಲ್ಲುವ ಮೊದಲೇ ಹಾರಿದನು. ಗಿಡುಗನಂತೆ ಎರಗಿ, ಬೀಡಿಯನ್ನು ಕಸಿದು ಅಂಗೈಯಲ್ಲೇ ಹೊಸಕಿ, ಮುದುಕನನ್ನು ಹೆಗಲಿಗೆ ಹಾಕಿಕೊಂಡು ಇಪ್ಪತ್ತು ಮಾರು ಓಡಿದನು. "ಉರ್ದು ಬೂದಿ ಆಗ್ತೀಯಲ್ಲೋ ಯಜ್ಜ," ಎಂದು ಓಡುತ್ತಲೇ ಕೂಗಿದನು. ಅಷ್ಟರಲ್ಲಿ ಮಹಬೂಬಸಾಬ ಪಂಪು ತಿರುವಿ, ಪೈಪು ಬಿಚ್ಚಿ, ನೊರೆ ಹರಿಸಿದನು. ಅರೆಗಳಿಗೆಯಲ್ಲಿ ಟ್ಯಾಂಕರು ಕ್ಷೀರಸಾಗರದಲ್ಲಿ ಮಲಗಿದಂತೆ ಕಂಡಿತು.

ಆಗ ರಸ್ತೆಯಾಚೆಯ ಹೋಟೆಲಿನಿಂದ ಟ್ಯಾಂಕರಿನ ಚಾಲಕ ಚಹಾದ ಲೋಟ ಹಿಡಿದುಕೊಂಡೇ ಬಂದನು. "ಯಾಕ್ರಿ ಸಾಹೇಬ್ರ, ನನ್ನ ನೀರಿಗೆ ಯಾಕ ಸೋಪು ಹಾಕೀರಿ?"

"ನೀರಾ?"

"ರೋಡಿನ ಕೆಲ್ಸಕ್ಕ ಒಯ್ಯೋ ನೀರು. ಹಳೇ ಟ್ಯಾಂಕರ್ ತಗೊಂಡೀವಿ, ಹೆಸ್ರು ಇನ್ನೂ ಅಳಿಸಿಲ್ಲ."

ಕೊಟ್ರಪ್ಪ ಬಗ್ಗಿ, ಬೆರಳದ್ದಿ, ಮೂಸಿ ನೋಡಿದನು. ನೀರೇ. ಮೊಣಕಾಲುದ್ದ ನೊರೆಯಲ್ಲಿ ನಿಂತು, ಎರಡು ದಿನಗಳ ಬಳಿಕ ಮೊದಲ ಸಲ ಗೆಳೆಯನ ಮುಖ ನೋಡಿದನು.

"ನಾ ಹೇಳ್ಲಿಲ್ಲಾ ಮಾಬಣ್ಣ, ಹತ್ಕೊಳ್ಳಂಗಿಲ್ಲ ಅಂತ."

"ಮತ್ತ ಯಜ್ಜನ ಬೀಡಿ ಯಾಕ ಕಸ್ಕೊಂಡಿ?"

ಕೊಟ್ರಪ್ಪ ಅಂಗೈಯ ಸುಟ್ಟ ಗುರುತನ್ನು ನೋಡಿಕೊಂಡನು. "ಮೊನ್ನೆ ಅಂದಿದ್ದು ತಪ್ಪಾತು," ಎಂದನು ಮೆಲ್ಲಗೆ. ಮಹಬೂಬಸಾಬ ಆ ಕೈಯನ್ನು ಹಿಡಿದು ತಣ್ಣೀರು ಹೊಯ್ದನು. "ಪಲ್ಯ ತಂದೀನಿ, ನಡಿ," ಎಂದನು.

ಭಾನುವಾರ ಎಸ್ತರಮ್ಮ ಊರಿಗೆ ಮರಳಿ, ಮದುವೆಯ ಲಾಡು ಹಂಚಿ, ತೀರ್ಪು ಕೊಟ್ಟರು.

"ಅಲ್ಲಿರೋ ಇನ್ ಬೇರೆ ಕೊಟ್ರಪ್ಪ. 'ಅಲ್ಲ' ಅನ್ನೋ ಇನ್ ಅಲ್ಲ, 'ಒಳಗೆ' ಅನ್ನೋ ಇನ್. ಇನ್‌ಫ್ಲೇಮ್ ಅಂದ್ರೆ ಉರಿ ಹತ್ತಿಸೋದು. ಫ್ಲೇಮಬಲ್ ಅಂದ್ರೂ ಅದೇ, ಇನ್‌ಫ್ಲೇಮಬಲ್ ಅಂದ್ರೂ ಅದೇ. ಸಮಾನಾರ್ಥಕ ಪದಗಳು."

"ಹಂಗಾದ್ರ ನೀವು ಹೇಳಿದ ನಿಯಮ ಸುಳ್ಳೇನ್ರಿ ಟೀಚರಮ್ಮ?"

"ಸುಳ್ಳಲ್ಲಪ್ಪ. ಒಂದೇ ಹೆಸರಿನವರು ಊರಲ್ಲಿ ಇಬ್ಬರು ಇರಲ್ವಾ?"

"ನಮ್ಮ ಓಣ್ಯಾಗ ಕೊಟ್ರಪ್ಪಗಳೇ ಆರು ಮಂದಿ ಅದಾರ್ರಿ," ಎಂದನು ವೀರ. ಹಾಗೆಂದ ಮೇಲೆ ಅವನಿಗೆ ಎಲ್ಲವೂ ತಿಳಿಯಿತು, ಸಮಾಧಾನವೂ ಆಯಿತು.

ಸೋಮವಾರ ಸೂರ್ಯನು ಪರೀಕ್ಷಾಭವನದ ಮೇಲೆ ಉದಯಿಸಿದನು. ಧಾತುಗಳನ್ನು ಬತ್ತಳಿಕೆಯಲ್ಲೂ, ಉಪಸರ್ಗಪ್ರತ್ಯಯಗಳನ್ನು ಎರಡು ಕೈಗಳಲ್ಲೂ, ವಿರುದ್ಧಪದಸಮಾನಾರ್ಥಕಗಳ ಸೇನೆಯನ್ನು ಬೆನ್ನ ಹಿಂದೆಯೂ ಇಟ್ಟುಕೊಂಡು, ಯಾವ ಶಬ್ದರಾಕ್ಷಸನು ಎದುರಾದರೂ ಸೀಳಿಬಿಡುವ ಪಣ ತೊಟ್ಟು, ಕೊಟ್ರಪ್ಪ ಪ್ರಶ್ನೆಪತ್ರಿಕೆಯನ್ನು ತೆರೆದನು. ಪದಗಳ ವಿಭಾಗದಲ್ಲಿ ಇದ್ದದ್ದು ಒಂದೇ ಪ್ರಶ್ನೆ. 'ಲ್ಯಾಡರ್' ಪದದ ಬಹುವಚನ ಬರೆಯಿರಿ. ಒಂದು ಅಂಕ.

ಲ್ಯಾಡರ್ ಎಂದರೆ ಅವನು ದಿನವೂ ಏರುವ ಏಣಿ. ಕೊಟ್ರಪ್ಪ ಪೆನ್ನು ಬಿಚ್ಚಿ, ಪದದ ಕೊನೆಗೆ ಒಂದು ಸಣ್ಣ ಎಸ್ ಹಾಕಿದನು.